ಬಾಯಿಮಾತಿನ ವ್ಯವಹಾರ ನ್ಯಾಯಾಲಯದಲ್ಲಿ ನಿಲ್ಲುವುದೇ?



ಹಸು ಕೊಳ್ಳುವುದು, ಮೇವು ಮಾರುವುದು, ಗೊಬ್ಬರದ ಲೋಡು ಕಳಿಸುವುದು, ಹೀಗೆ ನಮ್ಮ ಹೆಚ್ಚಿನ ವ್ಯವಹಾರಗಳು ಮಾತಿನ ಮೇಲೆಯೇ ನಡೆಯುತ್ತವೆ. ತಕರಾರು ಬಂದಾಗ "ಬರೆಸಿಕೊಂಡಿಲ್ಲವಲ್ಲ, ಇನ್ನು ಕೋರ್ಟಿಗೆ ಹೋಗಿ ಏನು ಪ್ರಯೋಜನ?" ಎಂದು ಅನೇಕರು ಬಾಕಿ ಹಣದ ಆಸೆಯನ್ನೇ ಬಿಡುತ್ತಾರೆ. ಇದು ತಪ್ಪು ತಿಳಿವಳಿಕೆ. ಬಾಯಿಮಾತಿಗೂ ಕಾನೂನಿನ ಬೆಲೆಯುಂಟು. ಕಷ್ಟವಿರುವುದು ಅದನ್ನು ರುಜುವಾತು ಮಾಡುವುದರಲ್ಲಿ.

ಕಾನೂನು ಏನು ಹೇಳುತ್ತದೆ?

1872ರ ಭಾರತೀಯ ಕರಾರು ಕಾಯ್ದೆಯ 10ನೇ ಕಲಮಿನಂತೆ, ಕರಾರು ಮಾಡಿಕೊಳ್ಳಲು ಅರ್ಹರಾದವರು ಸ್ವಇಚ್ಛೆಯಿಂದ ಒಪ್ಪಿರಬೇಕು. ಪ್ರತಿಫಲ ಮತ್ತು ಉದ್ದೇಶ ನ್ಯಾಯಬದ್ಧವಾಗಿರಬೇಕು. ಬೇರೆ ಕಾನೂನು ಕೇಳದ ಹೊರತು ಬರವಣಿಗೆ ಕಡ್ಡಾಯವಲ್ಲ. ಸರಕಿನ ಮಾರಾಟವನ್ನು ಬಾಯಿಮಾತಿನಲ್ಲೂ ಗೊತ್ತುಮಾಡಿಕೊಳ್ಳಬಹುದು, ನಡವಳಿಕೆಯಿಂದಲೂ ಗ್ರಹಿಸಬಹುದು ಎಂದು 1930ರ ಸರಕು ಮಾರಾಟ ಕಾಯ್ದೆಯ 5ನೇ ಕಲಂ ಹೇಳುತ್ತದೆ.

ಒಂದು ಉದಾಹರಣೆ

ಆನೇಕಲ್ ಕಡೆಯ ಸದಸ್ಯರೊಬ್ಬರು ಜೆ.ಪಿ. ನಗರದ ನರ್ಸರಿಗೆ ತಿಂಗಳಿಗೆ 4 ಲೋಡು ಕೊಟ್ಟಿಗೆ ಗೊಬ್ಬರ, ಲೋಡಿಗೆ 3,000 ರೂ.ನಂತೆ, ತಿಂಗಳ ಕೊನೆಗೆ ಹಣ ಎಂದು ಮಾತಾಡಿಕೊಂಡರು ಎನ್ನೋಣ. ಮೊದಲ ಮೂರು ತಿಂಗಳು ಹಣ ಬ್ಯಾಂಕಿಗೆ ಬಂತು. ಮುಂದಿನ ಮೂರು ತಿಂಗಳ 12 ಲೋಡಿನ 36,000 ರೂ. ಬರಲಿಲ್ಲ. "ಅಂಥ ದರಕ್ಕೆ ನಾನು ಒಪ್ಪಿಯೇ ಇಲ್ಲ" ಎಂದು ಖರೀದಿದಾರರು ಹೇಳಿದರೆ ನ್ಯಾಯಾಲಯ ಏನು ನೋಡುತ್ತದೆ?

1. ಮಾತು ಮುಗಿದಿತ್ತೇ? "ನೋಡೋಣ, ಆಮೇಲೆ ಹೇಳುತ್ತೇನೆ" ಎಂಬುದು ಕರಾರಲ್ಲ. ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿರಬೇಕು.

2. ಮಾತು ಖಚಿತವೇ? ಏನು, ಎಷ್ಟು, ಯಾವ ದರಕ್ಕೆ ಎಂಬುದು ತಿಳಿಯಬೇಕು. ಅರ್ಥವನ್ನು ಗೊತ್ತುಮಾಡಲಾಗದ ಒಪ್ಪಂದ 29ನೇ ಕಲಮಿನಂತೆ ಅನೂರ್ಜಿತ.

3. ಆಮೇಲಿನ ನಡವಳಿಕೆ ಹೇಗಿತ್ತು? ಇದೇ ಮುಖ್ಯ. ಪ್ರತಿ ತಿಂಗಳೂ 12,000 ರೂ. ಜಮಾ ಆಗಿರುವ ಪಾಸ್‌ಬುಕ್ಕು ಲೋಡಿನ ಲೆಕ್ಕಕ್ಕೆ ತಾಳೆಯಾದರೆ, ದರವನ್ನು ಖರೀದಿದಾರರೇ ಒಪ್ಪಿದ್ದರೆಂಬುದಕ್ಕೆ ಅದು ಬಲವಾದ ಸಾಕ್ಷಿ.

4. ಬೇರೆ ಸಾಕ್ಷ್ಯವೇನಿದೆ? ಲೋಡು ಇಳಿಸಿದ ಚಾಲಕರು, ಸಹಿ ಮಾಡಿದ ಚೀಟಿ, ಫೋನಿನ ಸಂದೇಶ ಎಲ್ಲವೂ ನೆರವಾಗುತ್ತವೆ. ನಿಮ್ಮ ಲೆಕ್ಕದ ಪುಸ್ತಕವೊಂದೇ ಸಾಲದು. ಅದಕ್ಕೆ ಬೇರೆ ಆಧಾರವೂ ಬೇಕು. ಸಂದೇಶಗಳನ್ನು ಮುದ್ರಿಸಿ ಸಲ್ಲಿಸುವಾಗ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕು. ಆದ್ದರಿಂದ ಸಂದೇಶಗಳನ್ನು ಅಳಿಸಬೇಡಿ.

ರುಜುವಾತಿನ ಹೊಣೆ ಹಣ ಕೇಳುವವರದು. ಬ್ರಿಜ್ ಮೋಹನ್ ವಿರುದ್ಧ ಸುಗ್ರಾ ಬೇಗಂ ಮೊಕದ್ದಮೆಯಲ್ಲಿ (1990) ಸುಪ್ರೀಂ ಕೋರ್ಟು, ಸ್ಥಿರಾಸ್ತಿ ಮಾರುವ ಒಪ್ಪಂದ ಕೂಡ ಬಾಯಿಮಾತಿನಲ್ಲಿ ಆಗಬಹುದು, ಆದರೆ ಅದನ್ನೇ ನಂಬಿ ಬಂದವರ ಮೇಲೆ ಭಾರಿ ಹೊಣೆಯಿದೆ ಎಂದಿತು.

ದರ ರುಜುವಾತಾಗದಿದ್ದರೆ?

ಆಗಲೂ ದಾರಿ ಮುಚ್ಚುವುದಿಲ್ಲ. ಪುಕ್ಕಟೆ ಕೊಡುವ ಉದ್ದೇಶವಿಲ್ಲದೆ ಕೊಟ್ಟದ್ದರ ಲಾಭ ಪಡೆದವರು ಅದಕ್ಕೆ ಪರಿಹಾರ ಕೊಡಬೇಕೆಂದು ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ವಿ.ಆರ್. ಸುಬ್ರಮಣ್ಯಂ ವಿರುದ್ಧ ಬಿ. ತಾಯಪ್ಪ ಮೊಕದ್ದಮೆಯಲ್ಲಿ ಕಟ್ಟಡದ ಗುತ್ತಿಗೆದಾರರೊಬ್ಬರು ಹೆಚ್ಚುವರಿ ಕೆಲಸಕ್ಕೆ ಬಾಯಿಮಾತಿನ ಒಪ್ಪಂದವಿತ್ತೆಂದು ಹಣ ಕೇಳಿದ್ದರು. ಒಪ್ಪಂದ ರುಜುವಾತಾಗದಿದ್ದರೂ ಮಾಡಿದ ಕೆಲಸಕ್ಕೆ ಪರಿಹಾರ ಕೊಡಿಸಬಹುದೆಂದು ಸುಪ್ರೀಂ ಕೋರ್ಟು ಹೇಳಿತು.

ಎಚ್ಚರ ವಹಿಸಬೇಕಾದ ಕಡೆ

ಬನಶಂಕರಿಯ ನಿವೇಶನವಾಗಲಿ ಊರಿನ ಹೊಲವಾಗಲಿ, 100 ರೂ. ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಜಯನಗರದಲ್ಲಿ ಮಳಿಗೆ ಹಿಡಿಯುವುದಾದರೂ ಹಾಗೆಯೇ.

ಗಡುವನ್ನೂ ಮರೆಯಬಾರದು. ಮಾರಿದ ಸರಕಿನ ಹಣಕ್ಕೆ ದಾವೆ ಹೂಡಲು 3 ವರ್ಷ ಮಾತ್ರ ಅವಕಾಶ. ಉದ್ದರಿಯ ಗಡುವು ಇಲ್ಲದಿದ್ದರೆ ಸರಕು ಒಪ್ಪಿಸಿದ ದಿನದಿಂದ, ಇದ್ದರೆ ಆ ಗಡುವು ಮುಗಿದ ದಿನದಿಂದ ಲೆಕ್ಕ. "ಕೊಡುತ್ತೇನೆ" ಎಂಬ ಬಾಯಿಮಾತಿನಿಂದ ಅವಧಿ ಬೆಳೆಯದು. ಅವಧಿ ಮುಗಿಯುವ ಮೊದಲೇ ಬಾಕಿಯನ್ನು ಒಪ್ಪಿ ಬರೆದು ಸಹಿ ಹಾಕಿಕೊಟ್ಟರೆ ಹೊಸದಾಗಿ ಎಣಿಕೆಯಾಗುತ್ತದೆ.

ನಿಮ್ಮ ಸಂಘದೊಂದಿಗೇ ಅದರ ವ್ಯವಹಾರದ ವಿಚಾರವಾಗಿ ವಿವಾದವಿದ್ದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವಂತಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಂತೆ ಅದು ನಿಬಂಧಕರ ಮುಂದೆ ಹೋಗಬೇಕು. ಹೊರಗಿನವರೊಂದಿಗಿನ ತಕರಾರಾದರೆ ಲೋಕ ಅದಾಲತ್ತಿನಲ್ಲಿ ರಾಜಿಗೆ ಯತ್ನಿಸಬಹುದು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ, ಅಲ್ಲಿಯ ತೀರ್ಪು ಡಿಕ್ರಿಗೆ ಸಮ. ಮಹಿಳೆಯರಿಗೆ ಹಾಗೂ ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ.

ಸದಸ್ಯರು ಮಾಡಬೇಕಾದದ್ದು

ಮಾತಾಡಿದ ದಿನವೇ ದರ, ಪ್ರಮಾಣ, ಹಣದ ದಿನಾಂಕಗಳನ್ನು ಒಂದು ಸಂದೇಶದಲ್ಲಿ ಕಳಿಸಿ ಉತ್ತರ ಪಡೆಯಿರಿ. ಪ್ರತಿ ಲೋಡಿಗೂ ಚೀಟಿಯ ಮೇಲೆ ಸಹಿ ಮಾಡಿಸಿ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಸಂಘದಲ್ಲಿ ದಿನವೂ ಹಾಲಿನ ಅಳತೆಯನ್ನು ಬರೆಸಿಕೊಳ್ಳುವ ನಮಗೆ ಇದು ಹೊಸ ಅಭ್ಯಾಸವೇನಲ್ಲ. ಅದೇ ಶಿಸ್ತು ಉಳಿದ ವ್ಯವಹಾರಕ್ಕೂ ಬಂದರೆ ಆಡಿದ ಮಾತು ಕೋರ್ಟಿನಲ್ಲೂ ನಿಲ್ಲುತ್ತದೆ. ಎಷ್ಟೋ ಬಾರಿ ಕೋರ್ಟಿನವರೆಗೆ ಹೋಗುವ ಪ್ರಮೇಯವೇ ಬಾರದು.