ಮನೆಯಲ್ಲಿ ವರ್ಕ್‌ಶಾಪ್ ಇದೆಯೇ? ನೆಲ ನೋಡಿ, ಕಾಲು ನೋಡಿ



ಆಸ್ಪತ್ರೆಯ ಕೈಪಿಡಿಯಲ್ಲಿ ಗ್ಯಾರೇಜಿನ ಕಸ ಹೊಡೆಯುವ ಮಾತೇಕೆ ಎಂದು ನಿಮಗೆ ಅನಿಸಬಹುದು. ನಮ್ಮ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾಲ್ಕು ದಿನ ಕುಳಿತರೆ ಕಾರಣ ತಾನಾಗಿಯೇ ತಿಳಿಯುತ್ತದೆ. ನಮ್ಮ ಕಡೆ ಎಷ್ಟೋ ಕುಟುಂಬಗಳಿಗೆ ಮನೆಯೇ ಕಾರ್ಖಾನೆ. ಪಡಸಾಲೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗ್ರಿಲ್ ಕೆಲಸ, ಹಿತ್ತಲಲ್ಲಿ ಬೈಕ್ ರಿಪೇರಿ, ಮುಂಗಟ್ಟೆಯ ಮೇಲೆ ಬಡಿಗತನ. ಕಾಯಕದ ಜಾಗಕ್ಕೂ ಅಡುಗೆ ಮನೆಗೂ ನಡುವೆ ಇರುವುದು ಒಂದು ಹೊಸ್ತಿಲು ಮಾತ್ರ.

ಐವತ್ತು ದಾಟಿದ ಒಬ್ಬರು ಕಾಲಿನ ಗಾಯ ತೋರಿಸಲು ಬಂದಿದ್ದರು. ಗೇಟು, ಗ್ರಿಲ್ ಮಾಡುವವರು. ಸಕ್ಕರೆ ಕಾಯಿಲೆ ಹಳೆಯದು. ಹಾಸಿಗೆಯ ಚಾದರದ ಮೇಲೆ ಕಲೆ ಕಂಡು ಅವರ ಪತ್ನಿಯೇ ಕರೆತಂದಿದ್ದರು. ಎಕ್ಸ್‌ರೇ ತೆಗೆದಾಗ ಹೆಬ್ಬೆರಳಿನ ಬುಡದಲ್ಲಿ ಕಬ್ಬಿಣದ ಸಣ್ಣ ಸುರುಳಿ ಚೂರು ಕಂಡಿತು. ಡ್ರಿಲ್ಲಿಂಗ್ ಮಾಡುವಾಗ ಬೀಳುತ್ತದಲ್ಲ, ಅದೇ. ಯಾವಾಗ ಚುಚ್ಚಿತು ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. "ನಮ್ಮ ಮನಿಯಾಕಿ ದಿನಾ ಎರಡು ಸಲ ಕಸಾ ಹೊಡೀತಾಳ್ರೀ ಸಿಸ್ಟರ್, ನೆಲಾ ಸ್ವಚ್ಛನೇ ಇರತೈತಿ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಕಣ್ಣಿಗೆ ಆ ನೆಲ ಸ್ವಚ್ಛವೇ ಇದ್ದಿರಬೇಕು. ಬೆರಳು ಉಳಿಯಿತು, ಆದರೆ ಎರಡು ತಿಂಗಳ ದುಡಿಮೆ ಹೋಯಿತು.

ನೋವು ಏಕೆ ತಿಳಿಯಲಿಲ್ಲ?

ಸಕ್ಕರೆ ಕಾಯಿಲೆ ಹಲವು ವರ್ಷ ಹತೋಟಿಯಲ್ಲಿ ಇಲ್ಲದಿದ್ದರೆ ಪಾದದ ನರಗಳು ದುರ್ಬಲವಾಗುತ್ತವೆ. ಮೊದಲು ಜುಮು ಜುಮು, ಉರಿ. ಆಮೇಲೆ ಸ್ಪರ್ಶವೇ ಕಡಿಮೆ. ಚಪ್ಪಲಿ ಕಾಲಿನಿಂದ ಜಾರಿ ಬಿದ್ದರೂ ಗೊತ್ತಾಗದೆ ನಡೆದು ಬರುವ ರೋಗಿಗಳನ್ನು ನಾವು ನೋಡುತ್ತೇವೆ. ಇಂಥವರಿಗೆ ಮೊಳೆ ಚುಚ್ಚಿದರೂ ಅದು ಎಚ್ಚರಿಕೆ ಕೊಡುವುದಿಲ್ಲ. ರಕ್ತ ಸಂಚಾರವೂ ಕಡಿಮೆ ಇದ್ದರೆ ಗಾಯ ಮಾಯುವುದು ತಡ, ಕೀವಾಗುವುದು ಬೇಗ. ಆದ್ದರಿಂದ ಸಕ್ಕರೆ ಕಾಯಿಲೆ ಇರುವವರು ಕೆಲಸ ಮುಗಿದ ಮೇಲೆ ಕಾಲು ತೊಳೆದು ಒರೆಸಿ, ಅಂಗಾಲು ಮತ್ತು ಬೆರಳ ಸಂದಿಗಳನ್ನು ದಿನವೂ ನೋಡಬೇಕು. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು, ಇಲ್ಲವೇ ಮನೆಯವರು ನೋಡಲಿ. ಬೂಟು ಹಾಕುವ ಮೊದಲು ಅದನ್ನು ಕೊಡವಿ, ಒಳಗೆ ಕೈಯಾಡಿಸಿ.

ಕಸಬರಿಗೆಗೆ ಸಿಗದ ಕಬ್ಬಿಣ

ಕಸಬರಿಗೆ ಕಾಗದ, ಬೀಡಿ ತುಂಡು, ಕಟ್ಟಿಗೆ ಚಕ್ಕೆ ಇಂಥವನ್ನು ಚೆನ್ನಾಗಿ ಒಯ್ಯುತ್ತದೆ. ಸಣ್ಣ ಕಬ್ಬಿಣದ ಚೂರು ಭಾರ. ಅದು ಕಸಬರಿಗೆಯ ಕೆಳಗೇ ಉಳಿದು ಶಹಾಬಾದ್ ಕಲ್ಲಿನ ಸಂದಿಗೆ ಸೇರುತ್ತದೆ. ನೆಲ ತೊಳೆದಾಗ ನೀರಿನೊಡನೆ ಎದ್ದು ಬಾಗಿಲ ಕಡೆ ಬಂದು ನಿಲ್ಲುತ್ತದೆ. ಬಾಗಿಲಲ್ಲಿ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ!

ಇದಕ್ಕೆ ಖರ್ಚಿಲ್ಲದ ಉಪಾಯವಿದೆ. ಕೆಟ್ಟ ಸ್ಪೀಕರಿನ ಹಿಂದಿನ ದುಂಡನೆಯ ಅಯಸ್ಕಾಂತ ಗುಜರಿಯಲ್ಲಿ ಸಿಗುತ್ತದೆ. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಹಗ್ಗ ಕಟ್ಟಿ, ನೆಲಕ್ಕೆ ತಾಗುವಂತೆ ನಿಧಾನವಾಗಿ ಎಳೆಯಿರಿ. ಕಲ್ಲಿನ ಸಂದಿಗಳ ಮೇಲೆ, ಬೆಂಚಿನ ಕಾಲುಗಳ ಸುತ್ತ, ಹೊಸ್ತಿಲ ಬಳಿ ಎರಡೆರಡು ಸಲ ಎಳೆಯಿರಿ. ಬಳಿಕ ಚೀಲವನ್ನು ಒಂದು ತಗಡಿನ ಡಬ್ಬಿಯ ಮೇಲೆ ಹಿಡಿದು ಅಯಸ್ಕಾಂತವನ್ನು ಹೊರಗೆ ತೆಗೆದರೆ ಅಂಟಿದ್ದ ಚೂರುಗಳು ಕೈಗೆ ತಾಗದೆ ಉದುರುತ್ತವೆ. ಮೊದಲ ದಿನ ಎಷ್ಟು ಬೀಳುತ್ತದೆ ಎಂದು ನೋಡಿ, ನೀವೇ ಆಶ್ಚರ್ಯಪಡುತ್ತೀರಿ. ಒಂದು ಮಾತು ನೆನಪಿರಲಿ: ಹಿತ್ತಾಳೆ, ಅಲ್ಯುಮಿನಿಯಂ ಚೂರು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಸ್ಟೇನ್‌ಲೆಸ್ ಸ್ಟೀಲ್ ಕೂಡ ಬಹುಪಾಲು ಅಂಟುವುದಿಲ್ಲ. ಅವುಗಳಿಗೆ ಒದ್ದೆ ಗೋಣಿ ತಟ್ಟಿನಿಂದ ಒರೆಸುವುದೇ ದಾರಿ. ಆ ತಟ್ಟನ್ನು ಬರಿಗೈಯಲ್ಲಿ ಹಿಂಡಬೇಡಿ. ಸಾಧ್ಯವಿದ್ದರೆ ಕಲ್ಲಿನ ಸಂದಿಗಳಿಗೆ ಸಿಮೆಂಟ್ ತುಂಬಿಸಿ. ಚೂರು ಅಡಗಲು ಜಾಗವೇ ಇರುವುದಿಲ್ಲ.

ಧೂಳು

ಒಣ ಕಸಬರಿಗೆಯಿಂದ ಜೋರಾಗಿ ಗುಡಿಸಿದರೆ ದಪ್ಪ ಧೂಳು ಮೂಲೆಗೆ ಹೋಗುತ್ತದೆ, ಸಣ್ಣ ಧೂಳು ಮೇಲೇಳುತ್ತದೆ. ಕಣ್ಣಿಗೆ ಕಾಣದ ಈ ಸಣ್ಣ ಧೂಳೇ ಶ್ವಾಸಕೋಶದ ಆಳಕ್ಕೆ ಇಳಿಯುವುದು. ಅದು ಗಂಟೆಗಟ್ಟಲೆ ಗಾಳಿಯಲ್ಲಿ ತೇಲಿ, ಆಮೇಲೆ ಒಳಗಿನ ಕೋಣೆಯ ಹಾಸಿಗೆ, ಪಾತ್ರೆಗಳ ಮೇಲೆ ಕೂರುತ್ತದೆ. ಪಂಕ್ಚರ್ ಹಾಕುವ ಕಂಪ್ರೆಸರ್ ಗಾಳಿಯಿಂದ ನೆಲ ಊದುವ ರೂಢಿಯಂತೂ ಬೇಡವೇ ಬೇಡ. ಅದು ಸ್ವಚ್ಛ ಮಾಡುವುದಲ್ಲ, ಕಸದ ಜಾಗ ಬದಲಿಸುವುದು. ಕಣ್ಣಿಗೆ ಚೂರು ಹಾರಿ ಬರುವುದೂ ಹೀಗೆಯೇ.

ಕಟ್ಟಿಗೆ ಪುಡಿಯನ್ನು ಸ್ವಲ್ಪ ನೀರಿನಲ್ಲಿ ತೇವ ಮಾಡಿ ನೆಲದ ಮೇಲೆ ಚೆಲ್ಲಿ, ಅದನ್ನೇ ನಿಧಾನವಾಗಿ ಗುಡಿಸಿಕೊಂಡು ಬನ್ನಿ. ಧೂಳು ಅದಕ್ಕೆ ಅಂಟಿಕೊಂಡು ಬರುತ್ತದೆ, ಮೇಲೇಳುವುದಿಲ್ಲ. ಹಳೆಯ ಬಡಿಗರಿಗೆ ಇದು ಗೊತ್ತಿತ್ತು.

ಗ್ರಾನೈಟ್, ಟೈಲ್ಸ್ ಕತ್ತರಿಸುವವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು. ಆ ಪುಡಿಯಲ್ಲಿ ಸಿಲಿಕಾ ಇರುತ್ತದೆ. ವರ್ಷಗಳ ಕಾಲ ಉಸಿರಾಡಿದರೆ ಬರುವ ಸಿಲಿಕೋಸಿಸ್ ಕಾಯಿಲೆಯನ್ನು ವಾಸಿ ಮಾಡುವ ಔಷಧವಿಲ್ಲ, ಕ್ಷಯ ತಗಲುವ ಸಂಭವವೂ ಅವರಿಗೆ ಹೆಚ್ಚು. ನೀರು ಬಿಡುತ್ತಾ ಕತ್ತರಿಸಿ, ಪುಡಿ ಒಣಗುವ ಮೊದಲೇ ಬಳಿದು ತೆಗೆಯಿರಿ.

ಮನೆಯಲ್ಲಿ ಹಳೆಯ ವಾಹನ ಬ್ಯಾಟರಿ ಬಿಚ್ಚುವವರಿಗೆ ನಾನು ಸ್ವಚ್ಛತೆಯ ಉಪಾಯ ಹೇಳುವುದಿಲ್ಲ. ಆ ಕೆಲಸವನ್ನು ಮನೆಯಿಂದ ಹೊರಗೆ ಒಯ್ಯಿರಿ ಎಂದೇ ಹೇಳುತ್ತೇನೆ. ಸೀಸದ ಪುಡಿ ಎಷ್ಟು ಒರೆಸಿದರೂ ನೆಲದಲ್ಲಿ ಉಳಿಯುತ್ತದೆ. ಅಂಬೆಗಾಲಿಡುವ ಮಗು ಆ ನೆಲ ಮುಟ್ಟಿ ಕೈ ಬಾಯಿಗೆ ಇಡುತ್ತದೆ. ಮಕ್ಕಳ ಬುದ್ಧಿ ಬೆಳವಣಿಗೆಗೆ ಸೀಸದಿಂದ ಆಗುವ ಹಾನಿ ಹಿಂದಕ್ಕೆ ಬರುವಂಥದ್ದಲ್ಲ. ಇಷ್ಟು ಸೀಸವಿದ್ದರೆ ತೊಂದರೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ.

ಆಯಿಲ್, ಪೆಟ್ರೋಲ್, ಬಾಟಲಿ

ಚೆಲ್ಲಿದ ಆಯಿಲ್ ಮೇಲೆ ನೀರು ಹಾಕಬೇಡಿ. ಅದು ಹರಡುತ್ತದೆ, ನೆಲ ಇನ್ನೂ ಜಾರುತ್ತದೆ. ವಯಸ್ಸಾದವರು ಹೀಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮೊದಲಿನಂತೆ ಓಡಾಡುವುದು ಕಷ್ಟ. ಒಣ ಕಟ್ಟಿಗೆ ಪುಡಿ, ಮರಳು ಅಥವಾ ಆರಿದ ಬೂದಿ ಹಾಕಿ, ಅರ್ಧ ಗಂಟೆ ಬಿಟ್ಟು, ಬಳಿದು ತೆಗೆಯಿರಿ. ನಂತರ ಸೋಪಿನ ಪುಡಿ, ಬಿಸಿ ನೀರು, ಗಟ್ಟಿ ಬ್ರಷ್.

ಪೆಟ್ರೋಲಿನಿಂದ ನೆಲ ತಿಕ್ಕುವವರಿದ್ದಾರೆ. ಕಲೆ ಹೋಗುತ್ತದೆ ನಿಜ. ಆದರೆ ಪೆಟ್ರೋಲ್ ಆವಿ ಗಾಳಿಗಿಂತ ಭಾರ; ಅದು ಮೇಲೆ ಹೋಗದೆ ನೆಲದ ಮೇಲೇ ಹರಿದು, ಹೊಸ್ತಿಲು ದಾಟಿ, ಅಡುಗೆ ಮನೆಯ ಒಲೆಯವರೆಗೆ ಹೋಗಬಲ್ಲದು. ಬೆಂಕಿ ಅಲ್ಲಿಂದ ಆವಿಯ ದಾರಿಯಲ್ಲೇ ಹಿಂದಕ್ಕೆ ಬರುತ್ತದೆ. ಪಾಲಿಶ್ ಕೆಲಸ ಮಾಡುವವರು ಇನ್ನೊಂದು ತಿಳಿದಿರಲಿ: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಯಲಿನಲ್ಲಿ ಬಿಡಿಸಿ ಒಣಗಿಸಿ.

ನೆಲದ ಮೇಲಿನ ಬಾಟಲಿಗಳ ವಿಷಯ ಹೇಳುವಾಗ ನನಗೆ ಪ್ರತಿ ಸಲವೂ ಸಿಟ್ಟು ಬರುತ್ತದೆ. ತಂಪು ಪಾನೀಯದ ಬಾಟಲಿಯಲ್ಲಿ ಥಿನ್ನರ್, ನೀರಿನ ಬಾಟಲಿಯಲ್ಲಿ ಸೀಮೆಎಣ್ಣೆ! ಮಗು ಬಾಟಲಿಯ ಆಕಾರವನ್ನು ಗುರುತಿಸುತ್ತದೆ, ವಾಸನೆಯನ್ನಲ್ಲ. ಇಂಥ ಯಾವುದೇ ವಸ್ತು ಅದರದೇ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಹಲಗೆಯ ಮೇಲೆ ಇರಲಿ.

ಹಾಗೆಯೇ ಟಾಯ್ಲೆಟ್ ತೊಳೆಯುವ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಸೇರಿಸಿ ನೆಲಕ್ಕೆ ಹಾಕಬೇಡಿ, ಕ್ಲೋರಿನ್ ವಿಷಾನಿಲ ಬರುತ್ತದೆ. ಶಹಾಬಾದ್ ಕಲ್ಲಿಗೆ ಆಸಿಡ್ ಹಾಕಿದರೆ ಕಲ್ಲೂ ಹಾಳು.

ಗುಡಿಸುವವರು ಯಾರು?

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಕೆಲಸ ಮಾಡುವವರು ಬೂಟು ಹಾಕಿಕೊಂಡು ಕೆಲಸ ಮುಗಿಸಿ ಎದ್ದು ಹೋಗುತ್ತಾರೆ. ಬೆಳಿಗ್ಗೆ ಮನೆಯ ಹೆಣ್ಣುಮಕ್ಕಳು ಬರಿಗಾಲಲ್ಲಿ ಬಂದು, ಬಗ್ಗಿ, ಬರಿಗೈಯಲ್ಲಿ ಆ ಕಸ ಬಳಿಯುತ್ತಾರೆ. ಅದರಲ್ಲಿ ಏನು ಬಿದ್ದಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಚೂರು ಬೀಳಿಸಿದವರಿಗೇ ಗೊತ್ತು. ಆದ್ದರಿಂದ ಕೆಲಸ ಮಾಡಿದವರೇ, ಬೂಟು ಬಿಚ್ಚುವ ಮೊದಲೇ, ಬೆಳಕಿರುವಾಗಲೇ ಹತ್ತು ನಿಮಿಷ ಕೊಡಲಿ. ಕೆಲಸ ಮುಗಿಯಿತು ಎಂದರೆ ನೆಲವೂ ಮುಗಿಯಿತು ಎಂದು ಅರ್ಥ. ವರ್ಕ್‌ಶಾಪಿನ ಬೂಟು, ಕಸಬರಿಗೆ, ಮೊರ ಅಲ್ಲಿಯೇ ಇರಲಿ, ಹೊಸ್ತಿಲು ದಾಟಿ ಒಳಗೆ ಬರುವುದು ಬೇಡ. ಹೊಸ್ತಿಲ ಹೊರಗೆ ಒದ್ದೆ ಗೋಣಿ ತಟ್ಟು ಹಾಸಿ.

ಗಾಯವಾದರೆ

ಹರಿಯುವ ನೀರು, ಸೋಪಿನಿಂದ ಚೆನ್ನಾಗಿ ತೊಳೆದು ಸ್ವಚ್ಛ ಬಟ್ಟೆ ಕಟ್ಟಿ ಬನ್ನಿ. ಸುಣ್ಣ, ಕಾಫಿ ಪುಡಿ, ಗ್ರೀಸ್ ಹಚ್ಚಬೇಡಿ. ಅದನ್ನು ತೆಗೆಯುವಾಗ ನಿಮಗೂ ನೋವು, ನಮಗೂ ಕಷ್ಟ. ಆಳವಾಗಿ ನಾಟಿದ್ದನ್ನು ಮನೆಯಲ್ಲಿ ಕೀಳಬೇಡಿ. ತುಕ್ಕು ಹಿಡಿದ ಮೊಳೆ ಅಲ್ಲವಲ್ಲ ಎಂದು ಧನುರ್ವಾಯು ಚುಚ್ಚುಮದ್ದು ಬೇಡ ಎನ್ನುವವರಿದ್ದಾರೆ. ಧನುರ್ವಾಯುವಿಗೆ ಕಾರಣ ತುಕ್ಕಲ್ಲ. ಮಣ್ಣು, ಸಗಣಿ, ಧೂಳಿನಲ್ಲಿರುವ ರೋಗಾಣು ಹೊಳೆಯುವ ಹೊಸ ಮೊಳೆಯ ಜೊತೆಗೂ ಒಳಗೆ ಹೋಗುತ್ತದೆ. ಹಿಂದಿನ ಚುಚ್ಚುಮದ್ದು ಯಾವ ವರ್ಷ ಆಗಿತ್ತು ಎಂದು ನೆನಪಿಟ್ಟುಕೊಂಡು ಹೇಳಿ. ಐದು ವರ್ಷ ದಾಟಿದ್ದರೆ ಕೊಳೆಯಾದ ಗಾಯಕ್ಕೆ ಮತ್ತೊಂದು ಬೇಕಾಗುತ್ತದೆ. ಟಿ.ಟಿ. ಎನ್ನುತ್ತಿದ್ದುದರ ಬದಲು ಸರಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಈಗ ಟಿ.ಡಿ. ಕೊಡುತ್ತಾರೆ, ಹೆಸರು ಬೇರೆಯಾಯಿತೆಂದು ಗಾಬರಿ ಬೇಡ.

ಕಣ್ಣಿಗೆ ಆಸಿಡ್ ಸಿಡಿದರೆ ಆ ಕ್ಷಣವೇ ಹರಿಯುವ ನೀರಿನಲ್ಲಿ ಕನಿಷ್ಠ 15 ರಿಂದ 20 ನಿಮಿಷ ತೊಳೆಯಿರಿ, ಆಮೇಲೆ ಗಾಡಿ ಹುಡುಕಿ. ಮಗು ಸೀಮೆಎಣ್ಣೆ, ಥಿನ್ನರ್ ಕುಡಿದಿದ್ದರೆ ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿಯುವುದೇ ದೊಡ್ಡ ಅಪಾಯ. 108ಕ್ಕೆ ಫೋನ್ ಮಾಡಿ, ಕುಡಿದ ಬಾಟಲಿಯನ್ನೂ ಜೊತೆಗೆ ತನ್ನಿ.

ಈಗ ಕಾಲಿಗೆ ಡ್ರೆಸ್ಸಿಂಗ್ ಆಗಿ ಮನೆಗೆ ಹೊರಟಿರುವವರು ಗಾಯ ಪೂರ್ತಿ ಮಾಯುವವರೆಗೆ ಶೆಡ್ಡಿನೊಳಗೆ ಕಾಲಿಡಬೇಡಿ. ಮಗನಿಗೆ ಏನಾದರೂ ಹೇಳಿಕೊಡುವುದಿದ್ದರೆ ಹೊಸ್ತಿಲ ಈಚೆ ಕುರ್ಚಿ ಹಾಕಿಕೊಂಡು ಹೇಳಿ.