ಬಾವಿ ನೀರಿನಲ್ಲಿ ಮ್ಯಾಂಗನೀಸ್

ಗೋವಾದ ಸಾಂಗೆ, ಕೇಪೆ ತಾಲೂಕುಗಳ ನೆಲದಲ್ಲಿ ಕಬ್ಬಿಣದೊಡನೆ ಮ್ಯಾಂಗನೀಸ್ ಅದಿರೂ ಇದೆ. ಅದು ಕರಗಿದ್ದರೂ ಬಾವಿಯ ನೀರು ತಿಳಿಯಾಗಿಯೇ ಕಾಣಬಹುದು. ಕೊಡದೊಳಗೆ, ಬಿಳಿ ಬಟ್ಟೆಯ ಮೇಲೆ ಕಪ್ಪು ಕಲೆ ಕಂಡರೆ ಪರೀಕ್ಷೆ ಮಾಡಿಸಬೇಕು.

2012ರ ಭಾರತೀಯ ಮಾನಕದಂತೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ, ಬೇರೆ ನೀರಿಲ್ಲದಿದ್ದರೆ 0.3. ಬಾಟಲಿ ಹಾಲು ಕುಡಿಯುವ ಶಿಶುಗಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 0.08 ಎಂದಿತು. ಇಷ್ಟು ಅಲ್ಪ ಪ್ರಮಾಣ ಅಳೆಯಲು ಪ್ರಯೋಗಾಲಯವೇ ಬೇಕು.

ಪಂಪನ್ನು ಸ್ವಲ್ಪ ಹೊತ್ತು ಓಡಿಸಿ, ಪ್ರಯೋಗಾಲಯದವರು ನೈಟ್ರಿಕ್ ಆಮ್ಲ ಹಾಕಿಕೊಟ್ಟ ಬಾಟಲಿಯಲ್ಲಿ ನೀರು ಹಿಡಿಯಿರಿ. ಬಾಟಲಿ ತೊಳೆಯಬೇಡಿ, ಆಮ್ಲ ಕೈಗೆ ತಾಗದಿರಲಿ. ಆಮ್ಲವಿಲ್ಲದಿದ್ದರೆ ಮ್ಯಾಂಗನೀಸ್ ಬಾಟಲಿಗೆ ಅಂಟಿ ಲೆಕ್ಕ ಕಡಿಮೆ ಬರಬಹುದು.

ಕುದಿಸಿದರೆ ಮ್ಯಾಂಗನೀಸ್ ಹೋಗದು. ಎಳೆಮಗುವಿಗೆ ಹಾಲಿನ ಪುಡಿ ಕಲಸುವ ಮನೆಯವರು ಮೊದಲು ಪರೀಕ್ಷೆ ಮಾಡಿಸಿರಿ.