ಗುಲಾಬಿ ಕಡ್ಡಿ: ಚಿಗುರಿದರೆ ಸಾಲದು, ಬೇರೂರಬೇಕು



ಹಿಪ್ಪುನೇರಳೆ ಕಡ್ಡಿ ನೆಡುವುದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂರು ನಾಲ್ಕು ಕಣ್ಣುಳ್ಳ ಕಡ್ಡಿಯನ್ನು ಹದವಾದ ಮಣ್ಣಿಗೆ ಊರಿ ನೀರು ಕೊಟ್ಟರೆ ಅದು ಬಹುಮಟ್ಟಿಗೆ ಹತ್ತಿಕೊಳ್ಳುತ್ತದೆ. ಗುಲಾಬಿಯನ್ನೂ ಹೀಗೆ ಕಡ್ಡಿಯಿಂದ ಬೆಳೆಸಬಹುದು. ಆದರೆ ಗುಲಾಬಿ ಅಷ್ಟು ಗಟ್ಟಿ ಜೀವವಲ್ಲ. ಕಡ್ಡಿ ಚಿಗುರಿದ ಕೂಡಲೇ ಅದನ್ನು ಕಿತ್ತು ಹೊಲದಲ್ಲಿ ನೆಟ್ಟವರು ಕೆಲವೇ ದಿನಗಳಲ್ಲಿ ಒಣಗಿದ ಕಡ್ಡಿಯನ್ನು ನೋಡಬೇಕಾಗುತ್ತದೆ. ಹಾಗಾಗದಂತೆ ಏನು ಮಾಡಬೇಕೆಂಬುದೇ ಈ ಪಾಠ.

ಒಂದು ಗುಂಟೆ ಎಂದರೆ ೧,೦೮೯ ಚದರ ಅಡಿ. ನಾಲ್ಕು ಅಡಿಗೊಂದರಂತೆ ನೆಟ್ಟರೆ ಸುಮಾರು ೬೮ ಗಿಡ ಹಿಡಿಯುತ್ತದೆ. ಇಷ್ಟು ಗಿಡವನ್ನು ಹಣ ಕೊಟ್ಟು ತರುವ ಬದಲು ಮನೆಯಲ್ಲೇ ಮಾಡಿಕೊಂಡರೆ ಖರ್ಚು ಉಳಿಯುತ್ತದೆ. ವರಮಹಾಲಕ್ಷ್ಮಿ, ಗೌರಿ, ಆಯುಧಪೂಜೆಗಳ ಕಾಲದಲ್ಲಿ ಬಿಡಿ ಹೂವಿಗೆ ಊರಲ್ಲೂ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲೂ ಗಿರಾಕಿ ಉಂಟು. ಆದರೆ ಸಸಿ ಸತ್ತರೆ ಕಡ್ಡಿ ಮಾತ್ರವಲ್ಲ, ಒಂದು ಹಂಗಾಮೇ ಕೈತಪ್ಪುತ್ತದೆ.

ಯಾವ ಗುಲಾಬಿ, ಯಾವ ಕಾಲ

ನಾಟಿ ಗುಲಾಬಿ, ಪನ್ನೀರು ಗುಲಾಬಿ, ಬಟನ್ ಗುಲಾಬಿಗಳು ಕಡ್ಡಿಯಿಂದ ಚೆನ್ನಾಗಿ ಬರುತ್ತವೆ. ದೊಡ್ಡ ಹೂವಿನ ಹೈಬ್ರಿಡ್ ತಳಿಗಳಲ್ಲಿ ಅನೇಕವು ತಮ್ಮ ಸ್ವಂತ ಬೇರಿನ ಮೇಲೆ ಬಲವಾಗಿ ಬೆಳೆಯುವುದಿಲ್ಲ. ಅವಕ್ಕೆ ಕಣ್ಣು ಕಸಿಯೇ ಮೇಲು. ಆ ಕಸಿಗೆ ಬೇಕಾದ ಮಲ್ಟಿಫ್ಲೋರಾ ಬೇರುಗಿಡವನ್ನು ಕೂಡ ಕಡ್ಡಿಯಿಂದಲೇ ಮಾಡುತ್ತಾರೆ.

ಮುಂಗಾರು ನೆಲೆನಿಂತ ಮೇಲಿನಿಂದ ಚಳಿಗಾಲ ಮುಗಿಯುವವರೆಗೆ ಈ ಕೆಲಸ ಮಾಡಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೇಡ. ಬಿಡದೆ ಸುರಿಯುವ ಮಳೆಯಲ್ಲಿ ಕಡ್ಡಿ ಕೊಳೆಯುವ ಭಯವಿರುವುದರಿಂದ ಆಗ ಮರೆ ಇರಬೇಕು.

ಕಡ್ಡಿ ಆರಿಸುವ ಕ್ರಮ

ರೋಗವಿಲ್ಲದ ತಾಯಿಗಿಡದಲ್ಲಿ, ಆಗತಾನೆ ಹೂ ಬಿಟ್ಟು ಮುಗಿದ ರೆಂಬೆಯನ್ನು ಆರಿಸಿ. ಅದು ಪೆನ್ಸಿಲಿನಷ್ಟು ದಪ್ಪವಿರಲಿ. ಮುಳ್ಳನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಚಟ್ಟನೆ ಮುರಿದು ಬರಬೇಕು. ಬಾಗಿದರೆ ರೆಂಬೆ ಇನ್ನೂ ಎಳೆಯದು.

ಬೆಳಗಿನ ತಂಪಿನಲ್ಲಿ ಹರಿತವಾದ, ಶುಚಿಯಾದ ಚಾಕುವಿನಿಂದ ೬ರಿಂದ ೮ ಅಂಗುಲದ ತುಂಡು ಮಾಡಿ. ಪ್ರತಿ ತುಂಡಿನಲ್ಲಿ ೩-೪ ಕಣ್ಣಿರಬೇಕು. ಕೆಳಗಿನ ಕೊಯ್ತ ಗಿಣ್ಣಿನ ಕೆಳಗೇ ಓರೆಯಾಗಿರಲಿ. ಮೇಲಿನದು ಕಣ್ಣಿಗಿಂತ ಕಾಲು ಅಂಗುಲ ಮೇಲೆ ನೇರವಾಗಿರಲಿ. ಹೀಗೆ ಮಾಡಿದರೆ ತಲೆಕೆಳಗಾಗಿ ನೆಡುವ ಪ್ರಮಾದ ತಪ್ಪುತ್ತದೆ. ಮೇಲೆ ಒಂದೆರಡು ಎಲೆ ಉಳಿಸಿ, ಮಿಕ್ಕ ಎಲೆ, ಮೊಗ್ಗುಗಳನ್ನು ತೆಗೆಯಿರಿ. ನೆಡುವವರೆಗೆ ಒದ್ದೆ ಗೋಣಿಯಲ್ಲಿ ಸುತ್ತಿಡಿ.

ಐ.ಬಿ.ಎ. ಎಂಬ ವಸ್ತು ಬೇರು ಬರಿಸುತ್ತದೆಂದು ೧೯೩೫ರಲ್ಲಿ ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅದರ ಪುಡಿ ಗೊಬ್ಬರದ ಅಂಗಡಿಗಳಲ್ಲಿ ದೊರೆತರೆ ಕಡ್ಡಿಯ ತುದಿಯನ್ನು ಅರ್ಧ ಅಂಗುಲ ಅದ್ದಿ, ಹೆಚ್ಚಿನದನ್ನು ಕೊಡವಿ ನೆಡಿ. ದೊರೆಯದಿದ್ದರೆ ಚಿಂತೆಯಿಲ್ಲ, ನಾಟಿ ಗುಲಾಬಿಗಳು ಅದಿಲ್ಲದೆಯೂ ಬೇರು ಬಿಡುತ್ತವೆ.

ನೆಡುವ ಕ್ರಮ

ಒರಟು ಮರಳು, ಜರಡಿ ಹಿಡಿದ ಕೆಮ್ಮಣ್ಣು ಎರಡನ್ನೂ ಸಮಭಾಗ ಬೆರೆಸಿ, ತಳದಲ್ಲಿ ತೂತಿರುವ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ. ಹಸಿ ಸಗಣಿ ಗೊಬ್ಬರವನ್ನು ಈ ಹಂತದಲ್ಲಿ ಸೇರಿಸಲೇಬಾರದು. ಬೇರಿಲ್ಲದ ಕಡ್ಡಿಗೆ ಗೊಬ್ಬರದಿಂದ ಉಪಯೋಗವಿಲ್ಲ, ಕೊಳೆ ಮಾತ್ರ ಬರುತ್ತದೆ. ಮೊದಲು ಬೇರೊಂದು ಕೋಲಿನಿಂದ ಗುಳಿ ಮಾಡಿ, ಎರಡು ಕಣ್ಣು ಮಣ್ಣೊಳಗಿರುವಂತೆ ಕಡ್ಡಿ ಇಳಿಸಿ, ಸುತ್ತಲೂ ಬೆರಳಿನಿಂದ ಅದುಮಿ. ನೆಟ್ಟ ದಿನಾಂಕವನ್ನು ಬರೆದಿಡಿ. ಎಲ್ಲವೂ ಹತ್ತುವುದಿಲ್ಲವಾದುದರಿಂದ ೬೮ ಗಿಡ ಬೇಕಾದವರು ನೂರಕ್ಕೂ ಹೆಚ್ಚು ಕಡ್ಡಿ ಹಾಕುವುದು ಕ್ಷೇಮ.

ತೆಂಗಿನ ಗರಿಯ ಚಪ್ಪರದ ನೆರಳಿನಲ್ಲಿ ಚೀಲಗಳನ್ನು ಜೋಡಿಸಿ. ಮಣ್ಣನ್ನು ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಕಡ್ಡಿ ಬುಡದಿಂದ ಕಪ್ಪಾಗುತ್ತಾ ಬಂದರೆ ನೀರು ಹೆಚ್ಚಾಯಿತೆಂದು ತಿಳಿಯಿರಿ. ಅಂಥದನ್ನು ಕೂಡಲೇ ತೆಗೆದುಹಾಕಿ.

ಚಿಗುರು ಹೇಳುವ ಸುಳ್ಳು

ಇಲ್ಲಿಯೇ ಹೆಚ್ಚಿನ ನಷ್ಟವಾಗುವುದು. ಹತ್ತು ಹದಿನೈದು ದಿನಗಳಲ್ಲಿ ಕಣ್ಣು ಒಡೆದು ಕೆಂಪು ಚಿಗುರು ಬರಬಹುದು. ಆದರೆ ಆ ಚಿಗುರನ್ನು ಸಾಕುತ್ತಿರುವುದು ಬೇರಲ್ಲ. ಕಡ್ಡಿಯಲ್ಲಿ ಮೊದಲೇ ಕೂಡಿಟ್ಟಿದ್ದ ಆಹಾರ. ಕಣಜದ ಕಾಳು ತಿಂದು ಬದುಕುವ ಸಂಸಾರದಂತೆ ಅದರ ಸ್ಥಿತಿ. ಅದೇ ಸಮಯದಲ್ಲಿ ಮಣ್ಣೊಳಗೆ ಕೊಯ್ತದ ಬಾಯಿಯಲ್ಲಿ ಬಿಳಿಯ ಗಂಟಿನಂಥ ಭಾಗ ಕಟ್ಟುತ್ತಿರುತ್ತದೆ. ಬೇರು ಹೊರಡುವುದು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ. ಅದಕ್ಕೆ ಮುಂಚೆ ಕಡ್ಡಿಯನ್ನು ಅಲುಗಾಡಿಸಿದರೆ ಎಳೆಯ ಬೇರು ಮುರಿದುಹೋಗುತ್ತದೆ.

ಬೇರು ಬಂದಿದೆಯೆಂದು ತಿಳಿಯುವುದು ಹೀಗೆ:

೧. ಮೊದಲ ಚಿಗುರು ಬಾಡದೆ ನಿಂತು, ಅದರ ಮೇಲೆ ಹೊಸ ಎಲೆಗಳು ಪೂರ್ಣವಾಗಿ ಬಿಚ್ಚಿಕೊಂಡಿರುತ್ತವೆ.

೨. ಆರು ವಾರ ಕಳೆದ ಮೇಲೆ ಕಡ್ಡಿಯನ್ನು ಎರಡು ಬೆರಳಿನಿಂದ ಮೆಲ್ಲಗೆ ಮುಟ್ಟಿ ಎಳೆದರೆ ಅದು ಮಣ್ಣನ್ನು ಹಿಡಿದುಕೊಂಡಿರುತ್ತದೆ.

೩. ಚೀಲದ ತೂತುಗಳಲ್ಲಿ ಬಿಳಿ ಬೇರು ಕಾಣುತ್ತದೆ.

ಸಂದೇಹವಿದ್ದರೆ ಒಂದು ಚೀಲವನ್ನು ಮಾತ್ರ ಸೀಳಿ ನೋಡಿ. ಒಂದು ಚೀಲ ಹೋದರೂ ಉಳಿದವು ಬದುಕುತ್ತವೆ. ಒಂದೆರಡು ಎಳೆ ಮಾತ್ರವಿದ್ದರೆ ಮತ್ತೆ ಕಾಯಬೇಕು. ಬೇರುಗಳು ಕವಲೊಡೆದು, ಚೀಲ ತೆಗೆದರೂ ಮಣ್ಣಿನ ಹೆಂಟೆ ಒಡೆಯದೆ ನಿಂತರೆ ನಾಟಿಗೆ ಸಿದ್ಧ. ಇದಕ್ಕೆ ಎರಡೂವರೆ, ಮೂರು ತಿಂಗಳು ಹಿಡಿಯಬಹುದು.

ನಾಟಿಯ ದಿನ

ನಾಟಿಗೆ ಹತ್ತು ಹದಿನೈದು ದಿನ ಮೊದಲಿನಿಂದ ಚಪ್ಪರದ ಗರಿಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು ಸಸಿಗೆ ಬಿಸಿಲು ಅಭ್ಯಾಸ ಮಾಡಿಸಿ. ಒಂದೂವರೆ ಅಡಿ ಆಳ, ಅಗಲದ ಗುಂಡಿಗೆ ಮೇಲ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿರಿ. ಗೆದ್ದಲಿರುವ ಕಡೆ ಬೇವಿನ ಹಿಂಡಿಯನ್ನೂ ಸೇರಿಸಿ. ಮೋಡವಿರುವ ದಿನ ಅಥವಾ ಸಂಜೆ ಹೊತ್ತಿನಲ್ಲಿ ಚೀಲ ಸೀಳಿ, ಹೆಂಟೆ ಒಡೆಯದಂತೆ, ಚೀಲದಲ್ಲಿದ್ದಷ್ಟೇ ಆಳಕ್ಕೆ ನೆಟ್ಟು ನೀರು ಕೊಡಿ. ಬುಡಕ್ಕೆ ಒಣ ಎಲೆ ಹೊದಿಸಿ. ಮೊದಲು ಬರುವ ಮೊಗ್ಗುಗಳನ್ನು ಚಿವುಟಿಹಾಕಿ. ಆಗ ಗಿಡದ ಶಕ್ತಿಯೆಲ್ಲ ಬೇರಿಗೂ ರೆಂಬೆಗೂ ಹೋಗುತ್ತದೆ.

ಹೆಚ್ಚಿನ ವಿವರಗಳಿಗೆ ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ವಿಚಾರಿಸಿರಿ.

ಮನನಕ್ಕೆ ಪ್ರಶ್ನೆಗಳು

೧. ರೆಂಬೆ ಬಲಿತಿದೆಯೆಂದು ಮುಳ್ಳಿನಿಂದ ಹೇಗೆ ತಿಳಿಯುವಿರಿ?

೨. ಬೇರಿಲ್ಲದ ಕಡ್ಡಿ ಚಿಗುರುವುದೇಕೆ?

೩. ಸಸಿ ನಾಟಿಗೆ ಸಿದ್ಧವೆಂಬ ಗುರುತುಗಳಾವುವು?